ಹೊರಗೆ ಕರಕಲು, ಒಳಗೆ ಹಸಿ: ಗ್ರಿಲ್‌ನ ಬೆಂಕಿಯನ್ನು ಪಳಗಿಸುವ ಬಗೆ

ನಾನು ಮೊದಲ ಸಲ ಇದ್ದಿಲ ಗ್ರಿಲ್ ಮೇಲೆ ಕೋಳಿ ಕಾಲು ಸುಟ್ಟಾಗ ಅದು ನೋಡಲು ತುಂಬಾ ಚೆನ್ನಾಗಿತ್ತು. ಚರ್ಮ ಗರಿಗರಿ, ಬಣ್ಣ ಕಡು ಕಂದು. ಚಾಕು ಹಾಕಿದೆ. ಮೂಳೆಯ ಹತ್ತಿರ ಮಾಂಸ ಇನ್ನೂ ಹಸಿಹಸಿ. ಮತ್ತೆ ಬೆಂಕಿಗೆ ಇಟ್ಟೆ. ಒಳಗೆ ಬೇಯುವಷ್ಟರಲ್ಲಿ ಹೊರಗೆ ಕರಕಲಾಗಿತ್ತು. ಬೆಂಕಿ ಜಾಸ್ತಿಯಾಯಿತು ಅಂದುಕೊಂಡು ಮುಂದಿನ ಸಲ ಕೆಂಡ ಕಡಿಮೆ ಹಾಕಿದೆ. ಆಗ ಒಳಗೇನೋ ಬೆಂದಿತು, ಚರ್ಮ ಮಾತ್ರ ರಬ್ಬರಿನ ಹಾಗೆ ಜಗ್ಗುತ್ತಿತ್ತು.

ಎರಡು ಸಲವೂ ನಾನು ಎಡವಿದ್ದು ಒಂದೇ ಜಾಗದಲ್ಲಿ. ಗ್ರಿಲ್ ಮೇಲೆ ಹೊರಗಿನ ಕೆಲಸ ಬೇರೆ, ಒಳಗಿನ ಕೆಲಸ ಬೇರೆ. ಹೊರಮೈ ಕಂದಾಗಿ ಘಮ ಬರಬೇಕಾದರೆ ಅಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ಒಳಗಿನ ಮಾಂಸಕ್ಕೆ ಸಾಮಾನ್ಯವಾಗಿ 60ರಿಂದ 75 ಡಿಗ್ರಿ ಸಾಕು. ಹೊರಗಿನದು ನಿಮಿಷಗಳಲ್ಲಿ ಮುಗಿಯುವ ಕೆಲಸ. ಒಳಗಿನದಕ್ಕೆ ತಾಳ್ಮೆ ಬೇಕು. ಈ ಎರಡು ವೇಗಗಳನ್ನು ಹೊಂದಿಸುವುದೇ ಗ್ರಿಲ್ ಅಡುಗೆ. ಮುಂದಿನ ಒಂದೊಂದು ಹಂತವೂ ಇದಕ್ಕೇ ಸಂಬಂಧಿಸಿದ್ದು.

ಬೆಂಕಿ ಹಚ್ಚುವ ಮೊದಲು: ಬಿಸಿ ಬರುವ ಮೂರು ದಾರಿ

ಉರಿಯುವ ಕೆಂಡದ ಮುಂದೆ, ಒಂದು ಪಕ್ಕದಲ್ಲಿ, ಸ್ವಲ್ಪ ದೂರದಿಂದ ಅಂಗೈ ಹಿಡಿಯಿರಿ. ಮೇಲೆ ಬೇಡ, ಪಕ್ಕದಲ್ಲೇ. ಬಿಸಿ ತಟ್ಟುತ್ತದೆ ಅಲ್ವಾ? ಈಗ ನಡುವೆ ಒಂದು ತಟ್ಟೆ ಅಡ್ಡ ಹಿಡಿಯಿರಿ. ಬಿಸಿ ತಕ್ಷಣ ಮಾಯ. ತಟ್ಟೆ ತೆಗೆಯಿರಿ, ತಕ್ಷಣ ವಾಪಸ್. ಇದೇ ಝಳ. ಇದು ಬೆಳಕಿನ ಜಾತಿಗೇ ಸೇರಿದ್ದು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬೆಳಕಿನಂತೆ ನೇರವಾಗಿ ಬರುತ್ತದೆ, ಅಡ್ಡ ಬಂದರೆ ನಿಲ್ಲುತ್ತದೆ. ನಡುವಿನ ಗಾಳಿಯನ್ನು ಬಿಸಿ ಮಾಡದೆಯೇ ಬಂದು ಮುಟ್ಟುತ್ತದೆ.

ಎರಡನೆಯದು ಬಿಸಿಗಾಳಿ. ಕಾದ ಗಾಳಿ ಹಗುರವಾಗಿ ಮೇಲೇಳುತ್ತದೆ, ಆಹಾರವನ್ನು ಸವರಿಕೊಂಡು ಹೋಗುತ್ತದೆ. ಮೂರನೆಯದು ಮುಟ್ಟಿದ ಬಿಸಿ. ಕಾದ ಕಂಬಿಗೆ ತಾಗಿದ ಜಾಗ ನೇರವಾಗಿ ಕಾಯುತ್ತದೆ. ಸುಟ್ಟ ಗೆರೆಗಳು ಮೂಡುವುದು ಅಲ್ಲೇ.

ಮುಚ್ಚಳ ತೆರೆದ ಇದ್ದಿಲ ಗ್ರಿಲ್‌ನಲ್ಲಿ ಮುಖ್ಯ ಕೆಲಸಗಾರ ಝಳ. ಕೆಂಡ ಸುಮಾರು 700 ಡಿಗ್ರಿಯಲ್ಲಿ ಕೆಂಪಗೆ ಹೊಳೆಯುವಾಗ ಅದರ ಝಳದ ಅಲೆಗಳ ಉದ್ದ ಹೆಚ್ಚಾಗಿ 3 ಮೈಕ್ರೊಮೀಟರ್ ಆಸುಪಾಸಿನಲ್ಲಿರುತ್ತದೆ. ನೀರು ಅತಿ ಗಟ್ಟಿಯಾಗಿ ಹೀರಿಕೊಳ್ಳುವ ಅಲೆಗಳೂ ಅವೇ. ಮಾಂಸ, ಮೀನು, ತರಕಾರಿ ಎಲ್ಲದರಲ್ಲೂ ನೀರೇ ಹೆಚ್ಚು. ಹಾಗಾಗಿ ಬಂದ ಝಳವೆಲ್ಲ ಮೇಲ್ಮೈಯ ಒಂದು ಮಿಲಿಮೀಟರಿನ ಸಣ್ಣ ಪಾಲಿನಲ್ಲೇ ಹೀರಿಹೋಗುತ್ತದೆ. ಒಳಗೆ ನುಗ್ಗುವುದೇ ಇಲ್ಲ. "ಕೆಂಡದ ಬಿಸಿ ಒಳಗೂ ಹೊಕ್ಕು ಬೇಯಿಸುತ್ತದೆ" ಎನ್ನುವ ಮಾತು ಕೇಳಿರುತ್ತೀರಿ. ಅದು ನಿಜವಲ್ಲ. ಒಳಗಿನದು ಬೇಯುವುದು ಹೊರಪದರ ತನ್ನ ಬಿಸಿಯನ್ನು ಪಕ್ಕದ ಪದರಕ್ಕೆ, ಅದು ಮುಂದಿನದಕ್ಕೆ ಕೈ ಬದಲಾಯಿಸುತ್ತಾ ಹೋಗುವುದರಿಂದ ಮಾತ್ರ. ಆ ಕೈ ಬದಲಾವಣೆ ಬಹಳ ನಿಧಾನ.

ಒಂದು ಆಲೂಗಡ್ಡೆಯಿಂದ ಇದನ್ನು ಕಣ್ಣಾರೆ ನೋಡಬಹುದು. ಮೂರು ಸೆಂಟಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ, ಕೆಂಡದ ಮೇಲೆ ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಇಡಿ. ತೆಗೆದು ಅಡ್ಡಲಾಗಿ ಸೀಳಿ. ಅಂಚಿನಲ್ಲಿ ಬೆಂದ ಪದರ ತುಸು ಹಳದಿಯಾಗಿ, ನೀರು ಕುಡಿದ ಕಾಗದದಂತೆ ಕಾಣುತ್ತದೆ. ನಡುವೆ ಬಿಳಿಯಾಗಿ, ಗಟ್ಟಿಯಾಗಿ ಹಸಿ ತಿರುಳು. ಎರಡರ ನಡುವೆ ಗೆರೆ ಎಳೆದ ಹಾಗಿರುತ್ತದೆ. ಬಿಸಿ ಎಲ್ಲಿಯವರೆಗೆ ನಡೆದು ಬಂದಿದೆ ಎಂಬುದರ ಗುರುತು ಆ ಗೆರೆ. ನಾನು ಹೊಸಬರಿಗೆ ಗ್ರಿಲ್ ಹೇಳಿಕೊಡುವಾಗ ಮಾಂಸ ಮುಟ್ಟುವ ಮೊದಲು ಈ ಆಲೂಗಡ್ಡೆಯನ್ನೇ ಸೀಳಿ ತೋರಿಸುತ್ತೇನೆ.

ಹಂತ 1: ಇದ್ದಿಲು ಹಚ್ಚಿ, ಕಾಯಿರಿ

ಒಣಗಿದ ಸೌದೆಯಲ್ಲಿ ಕಿಲೋಗೆ ಸುಮಾರು 16ರಿಂದ 18 ಮೆಗಾಜೂಲ್ ಶಕ್ತಿ ಇರುತ್ತದೆ. ಒಳ್ಳೆಯ ಇದ್ದಿಲಿನಲ್ಲಿ ಸುಮಾರು 30. ಸೌದೆಯನ್ನು ಇದ್ದಿಲು ಮಾಡುವಾಗ ನೀರು, ಹೊಗೆಯಾಗುವ ಅಂಶಗಳು ಆಗಲೇ ಹೊರಟುಹೋಗಿರುತ್ತವೆ. ಉಳಿದದ್ದು ಬಹುಪಾಲು ಇಂಗಾಲ. ಅದಕ್ಕೇ ಕೆಂಡಕ್ಕೆ ಜ್ವಾಲೆ ಕಡಿಮೆ, ಹೊಗೆ ಕಡಿಮೆ, ಝಳ ಜಾಸ್ತಿ.

ಇಲ್ಲಿ ಒಂದು ಲೆಕ್ಕ ನೋಡಿ. ಒಂದು ಕಿಲೋ ಕೋಳಿ ಮಾಂಸವನ್ನು 5 ಡಿಗ್ರಿಯಿಂದ 75 ಡಿಗ್ರಿಗೆ ಏರಿಸಲು ಸುಮಾರು 250 ಕಿಲೋಜೂಲ್ ಸಾಕು. ಬೇಯುವಾಗ ಅದರಿಂದ 200 ಗ್ರಾಂ ನೀರು ಆವಿಯಾಯಿತು ಅಂದರೆ ಇನ್ನೊಂದು 450. ಒಟ್ಟು 700 ಕಿಲೋಜೂಲ್. ಒಂದು ಕಿಲೋ ಇದ್ದಿಲಿನಲ್ಲಿರುವುದು 30 ಮೆಗಾಜೂಲ್, ಅಂದರೆ 30,000 ಕಿಲೋಜೂಲ್. ನೂರರಲ್ಲಿ ಎರಡು, ಮೂರು ಪಾಲು ಮಾತ್ರ ಊಟಕ್ಕೆ ಸೇರಿತು. ಮಿಕ್ಕಿದ್ದು ಗಾಳಿಗೆ, ಕಬ್ಬಿಣಕ್ಕೆ, ಆಕಾಶಕ್ಕೆ. ಅಂದರೆ ಗ್ರಿಲ್‌ನಲ್ಲಿ ಶಕ್ತಿಗೆ ಬರ ಅನ್ನುವುದೇ ಇಲ್ಲ. ಅದು ಎಲ್ಲಿಗೆ, ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ನಾವು ನೋಡಿಕೊಂಡರೆ ಸಾಕು. ಆಹಾರ ಬೇಯದಿದ್ದಾಗ ಸುಮ್ನೆ ಇನ್ನೊಂದು ಬೊಗಸೆ ಇದ್ದಿಲು ಸುರಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಹಚ್ಚಲು ಚಿಮಣಿ ಸ್ಟಾರ್ಟರ್ ಒಳ್ಳೆಯದು. ತಳದಲ್ಲಿ ತೂತುಗಳಿರುವ ತಗಡಿನ ಕೊಳವೆ ಅದು. ಕೆಳಗೆ ಕಾಗದ, ಮೇಲೆ ಇದ್ದಿಲು. ಒಳಗಿನ ಗಾಳಿ ಕಾದು ಮೇಲೇಳುತ್ತದೆ, ಖಾಲಿಯಾದ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಬೀಸಣಿಗೆ ಬೀಸುವ ಕೆಲಸವನ್ನು ಕೊಳವೆಯೇ ಮಾಡಿಕೊಳ್ಳುತ್ತದೆ. 15ರಿಂದ 20 ನಿಮಿಷಕ್ಕೆ ಕೆಂಡ ತಯಾರು. ಕೊಳವೆ ಇಲ್ಲದಿದ್ದರೆ ಇದ್ದಿಲನ್ನು ಗೋಪುರದ ಹಾಗೆ ಪೇರಿಸಿ ಹಚ್ಚಿ. ಚೆಲ್ಲಾಡಿದ ಇದ್ದಿಲು ಹೊತ್ತಿಕೊಳ್ಳುವುದಿಲ್ಲ. ಒಂದಕ್ಕೊಂದು ಮುಖ ಕೊಟ್ಟು ಕೂತವು ಪರಸ್ಪರ ಕಾಯಿಸಿಕೊಳ್ಳುತ್ತವೆ. ಪೆಟ್ರೋಲ್, ಸೀಮೆಎಣ್ಣೆ ಯಾವ ಕಾರಣಕ್ಕೂ ಬೇಡ.

ಅಂಚುಗಳೆಲ್ಲ ಬೂದು ಬಣ್ಣಕ್ಕೆ ತಿರುಗುವವರೆಗೆ ಏನನ್ನೂ ಮೇಲಿಡಬೇಡಿ. ಕಪ್ಪಾಗಿರುವ ಇದ್ದಿಲು ಇನ್ನೂ ಹೊತ್ತಿಲ್ಲ. ಈಗ ಆಹಾರ ಇಟ್ಟರೆ ಅರ್ಧ ದಾರಿಯಲ್ಲಿ ಬಿಸಿ ದಿಢೀರ್ ಅಂತ ಏರುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಮನೆಯೊಳಗೆ, ಗ್ಯಾರೇಜಿನಲ್ಲಿ, ಟೆಂಟಿನಲ್ಲಿ ಇದ್ದಿಲ ಗ್ರಿಲ್ ಹಚ್ಚಲೇಬಾರದು. ಕಿಟಕಿ ತೆರೆದಿದ್ದರೆ ಸಾಕು ಎಂದು ನಂಬಬೇಡಿ. ಆರುತ್ತಿರುವ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ.

ಹಂತ 2: ಕೆಂಡವನ್ನು ಒಂದೇ ಪಕ್ಕಕ್ಕೆ ಸರಿಸಿ

ಇಡೀ ಗ್ರಿಲ್‌ಗೆ ಕೆಂಡ ಹರಡುವುದು ಹೆಚ್ಚಿನವರು ಮಾಡುವ ತಪ್ಪು. ಹಾಗೆ ಹರಡಿದರೆ ನಿಮ್ಮ ಕೈಯಲ್ಲಿ ಒಂದೇ ಬಗೆಯ ಬಿಸಿ. ಹೊರಗಿನ ಕೆಲಸಕ್ಕೆ ಸರಿಹೋಗುವ ಬಿಸಿ ಒಳಗಿನ ಕೆಲಸಕ್ಕೆ ಆಗಿಬರುವುದಿಲ್ಲ. ಕೆಂಡವನ್ನೆಲ್ಲ ಅರ್ಧ ಭಾಗಕ್ಕೆ ಸರಿಸಿ. ಉಳಿದರ್ಧ ಖಾಲಿ ಇರಲಿ. ಈಗ ಎರಡು ಜಾಗಗಳಾದವು. ಒಂದರಲ್ಲಿ ನೇರ ಝಳ, ಇನ್ನೊಂದರಲ್ಲಿ ಮುಚ್ಚಳ ಹಾಕಿದಾಗ ಸುತ್ತಾಡುವ ಬಿಸಿಗಾಳಿ. ಒಂದು ಬಣ್ಣಕ್ಕೆ, ಒಂದು ಬೇಯುವುದಕ್ಕೆ.

"ಜಾಲರಿಯನ್ನು ಎರಡು ಇಂಚು ಮೇಲೆತ್ತಿದರೆ ಸಾಲದೇ?" ಎಂದು ಕೇಳುತ್ತಾರೆ. ಸಾಲದು, ಇದಕ್ಕೆ ಕಾರಣ ಇದೆ. ಬಲ್ಬಿನಂಥ ಚಿಕ್ಕ ಬೆಳಕಿನಿಂದ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕೆಂಡದ ಅಗಲವಾದ ಹಾಸಿಗೆ ಈ ಲೆಕ್ಕ ನಡೆಯುವುದಿಲ್ಲ. ನೀವು ಮೇಲೆ ಸರಿದಂತೆ ದೂರದ ಕೆಂಡಗಳೂ ನಿಮ್ಮ ಕಡೆಗೇ ಮುಖ ಮಾಡಿರುತ್ತವೆ. 40 ಸೆಂಟಿಮೀಟರ್ ಅಗಲದ ಹಾಸಿನ ನಟ್ಟನಡುವೆ 10 ಸೆಂಟಿಮೀಟರ್ ಎತ್ತರದಿಂದ 15ಕ್ಕೆ ಏರಿದರೆ ಝಳ ಕಡಿಮೆಯಾಗುವುದು ಐದರಲ್ಲಿ ಒಂದು ಪಾಲಿನಷ್ಟು. ಅದೇ ಆಹಾರವನ್ನು ಪಕ್ಕಕ್ಕೆ ಸರಿಸಿದರೆ ಝಳ ಬಹುಪಾಲು ತಪ್ಪಿಯೇ ಹೋಗುತ್ತದೆ. ಹಾಸಿನ ಅಂಚಿನಲ್ಲಿ ನಡುವಿಗಿಂತ ಬಿಸಿ ಕಡಿಮೆ ಇರುವುದೂ ಇದಕ್ಕೇ. ಅಲ್ಲಿಗೆ ಒಂದೇ ಕಡೆಯ ಕೆಂಡ ಕಾಣುತ್ತದೆ.

ಗ್ಯಾಸ್ ಗ್ರಿಲ್ ಆದರೆ ಒಂದು ಬರ್ನರ್ ಪೂರ್ತಿ ಹಚ್ಚಿ, ಇನ್ನೊಂದನ್ನು ಆರಿಸಿಡಿ. ನೀಲಿ ಜ್ವಾಲೆಗೆ ಝಳ ಕಡಿಮೆ. ಬರ್ನರ್ ಮೇಲಿನ ಲೋಹದ ತಗಡು ಅಥವಾ ಕಲ್ಲು ಕಾದು ಆಮೇಲೆ ಝಳ ಹೊರಡಿಸುತ್ತದೆ. ಹಾಗಾಗಿ ಮುಚ್ಚಳ ಹಾಕಿ 10ರಿಂದ 15 ನಿಮಿಷ ಕಾಯಿಸಲೇಬೇಕು. ಗ್ಯಾಸಿನ ಇನ್ನೊಂದು ಗುಣ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋದಷ್ಟು ನೀರು ಆವಿಯಾಗಿ ಹೊರಬರುತ್ತದೆ. ಆದ್ದರಿಂದ ಮುಚ್ಚಿದ ಗ್ಯಾಸ್ ಗ್ರಿಲ್ ಒಳಗೆ ಗಾಳಿ ಸ್ವಲ್ಪ ತೇವವಾಗಿರುತ್ತದೆ. ಚರ್ಮ ಗರಿಗರಿ ಆಗಬೇಕಾದರೆ ಕೊನೆಯಲ್ಲಿ ಮುಚ್ಚಳ ತೆರೆದು ಜೋರು ಬೆಂಕಿಯ ಮೇಲೆ ಹಿಡಿಯಿರಿ.

ಹಂತ 3: ಬಿಸಿಯನ್ನು ಓದಿ

ಜಾಲರಿಯ ಮೇಲೆ ಸುಮಾರು 10 ಸೆಂಟಿಮೀಟರ್ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೇ ಕೈ ಹಿಂದೆಳೆಯಬೇಕಾದರೆ ಜೋರು ಬಿಸಿ. ಐದಾರು ಸೆಕೆಂಡ್ ತಡೆದರೆ ಮಧ್ಯಮ. ಎಂಟು ಹತ್ತು ತಡೆದರೆ ಸಣ್ಣ ಬಿಸಿ. ಕೈಯಿಂದ ಕೈಗೆ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ನಿಮ್ಮ ಕೈಯ ಲೆಕ್ಕ ನಾಲ್ಕಾರು ಸಲಕ್ಕೆ ನಿಮಗೆ ಪಕ್ಕಾ ಆಗುತ್ತದೆ.

ಹೊಸ ಗ್ರಿಲ್ ಆದರೆ ಬ್ರೆಡ್ಡಿನ ಚೂರುಗಳನ್ನು ಜಾಲರಿ ತುಂಬ ಸಾಲಾಗಿ ಹಾಸಿ, ಒಂದೆರಡು ನಿಮಿಷ ಬಿಟ್ಟು ತಿರುಗಿಸಿ ನೋಡಿ. ಎಲ್ಲಿ ಕಪ್ಪು, ಎಲ್ಲಿ ಕಂದು, ಎಲ್ಲಿ ಬಿಳಿ ಎಂಬುದೇ ನಿಮ್ಮ ಗ್ರಿಲ್‌ನ ನಕ್ಷೆ. ಫೋಟೋ ತೆಗೆದಿಟ್ಟುಕೊಳ್ಳಿ.

ಕೆಂಡ ತುಸು ತಣ್ಣಗಾದರೂ ಅಡುಗೆ ಇಷ್ಟೊಂದು ನಿಧಾನ ಆಗುವುದು ಯಾಕೆ? 1879ರಲ್ಲಿ ಜೋಸೆಫ್ ಸ್ಟೀಫನ್ ಎಂಬ ವಿಜ್ಞಾನಿ ಕಂಡುಕೊಂಡ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. 1884ರಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಅದಕ್ಕೆ ಸಿದ್ಧಾಂತದ ಆಧಾರ ಕೊಟ್ಟರು. ವಸ್ತುವಿನಿಂದ ಹೊರಡುವ ಝಳ ಅದರ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್‌ಗೆ 273 ಕೂಡಿಸಿದ್ದು) ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ತಾಪಮಾನವನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿದ ಹಾಗೆ. ಕೆಂಡ 700 ಡಿಗ್ರಿಯಿಂದ 500ಕ್ಕೆ ಇಳಿದರೆ ಕಣ್ಣಿಗೆ ದೊಡ್ಡ ಬದಲಾವಣೆ ಅನಿಸದೇ ಇರಬಹುದು. ಆದರೆ ಝಳ ಮೊದಲಿನ ನೂರಕ್ಕೆ 40ರಷ್ಟೇ ಉಳಿದಿರುತ್ತದೆ.

ಬೂದಿಯ ಆಟವೂ ಇದೇ. ಬೂದಿ ಮುಚ್ಚಿದ ಕೆಂಡ ಅಂತ ನಾವು ಮಾತಿಗೆ ಹೇಳುತ್ತೇವಲ್ಲ, ಗ್ರಿಲ್‌ನಲ್ಲಿ ಅದು ಅಕ್ಷರಶಃ ನಿಜ. ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿದ್ದರೂ ಹೊರಗಿನ ಬೂದಿ ಅದಕ್ಕಿಂತ ತಣ್ಣಗಿರುತ್ತದೆ, ಆಹಾರಕ್ಕೆ ಕಾಣುವುದು ಆ ಬೂದಿ ಮಾತ್ರ. ಇಕ್ಕಳದಿಂದ ಕೆಂಡವನ್ನೊಮ್ಮೆ ತಟ್ಟಿ. ಬೂದಿ ಉದುರಿ ಕೆಂಪು ಮುಖ ತೆರೆದುಕೊಳ್ಳುತ್ತದೆ. ಹೊಸ ಇದ್ದಿಲು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹಂತ 4: ಆಹಾರವನ್ನು ಒಣಗಿಸಿ

ಒದ್ದೆ ಮೈಯ ಆಹಾರ ಕಂದಾಗುವುದಿಲ್ಲ. ಇದನ್ನೊಂದು ನೆನಪಿಟ್ಟುಕೊಂಡರೆ ಅರ್ಧ ಗ್ರಿಲ್ ಕಲಿತ ಹಾಗೆ.

ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೂಲ್ ಬೇಕು. 100 ಡಿಗ್ರಿಯ ಅದೇ ನೀರನ್ನು ಆವಿ ಮಾಡಲು 2,257 ಕಿಲೋಜೂಲ್ ಬೇಕು. ಏಳು ಪಟ್ಟು ಜಾಸ್ತಿ! ಮೇಲ್ಮೈಯಲ್ಲಿ ನೀರಿನ ಪಸೆ ಇರುವವರೆಗೆ ಬಂದ ಬಿಸಿಯೆಲ್ಲ ಅದನ್ನು ಹಬೆ ಮಾಡುವುದರಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಆ ಜಾಗ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣಕ್ಕೆ 140 ಬೇಕು. ಮೇಲಿನ ನೀರು ಒಣಗುವುದನ್ನು ಕಾಯುತ್ತಾ ಕೂತರೆ ಒಳಗಿನ ಮಾಂಸ ಅತಿಯಾಗಿ ಬೇಯುತ್ತದೆ. ಹಾಗಾಗಿ ಬಟ್ಟೆಯಿಂದಲೋ ಟಿಶ್ಯೂ ಕಾಗದದಿಂದಲೋ ಒತ್ತಿ ಒರೆಸಿ. ಬದನೆಕಾಯಿ, ಅಣಬೆ, ಮೀನು, ಕೋಳಿ ಯಾವುದೇ ಆಗಲಿ. ಮಸಾಲೆಯಲ್ಲಿ ನೆನೆಸಿದ್ದರೆ ಇಡುವ ಮೊದಲು ಜಾಸ್ತಿಯಾದ ರಸ ಸೋರಿಹೋಗಲಿ. ಉಪ್ಪನ್ನು ಒಂದೋ ಮುಕ್ಕಾಲು ಗಂಟೆ ಮೊದಲೇ ಹಾಕಿ, ಇಲ್ಲಾ ಬೆಂಕಿಗಿಡುವಾಗ ಹಾಕಿ. ಹತ್ತು ನಿಮಿಷ ಮೊದಲು ಹಾಕಿದರೆ ಉಪ್ಪು ಹೊರಗೆಳೆದ ನೀರು ಮೇಲೇ ನಿಂತಿರುತ್ತದೆ.

ಈ ಕಂದು ಬಣ್ಣದ ಹಿಂದಿರುವುದು ಮೈಯಾರ್ ಕ್ರಿಯೆ. ಫ್ರಾನ್ಸಿನ ಲೂಯಿ ಕಮೀ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ಪ್ರೋಟೀನಿನ ಅಮೈನೋ ಆಮ್ಲಗಳು ಮತ್ತು ಕೆಲವು ಸಕ್ಕರೆಗಳು ಬಿಸಿಯಲ್ಲಿ ಸೇರಿ ನೂರಾರು ಬಗೆಯ ರುಚಿ, ಘಮದ ಅಂಶಗಳಾಗುತ್ತವೆ. ಸುಟ್ಟ ಮಾಂಸ, ಹುರಿದ ಕಾಫಿ ಬೀಜ, ಬ್ರೆಡ್ಡಿನ ಹೊರಪದರ, ಎಲ್ಲದರ ಘಮಕ್ಕೂ ಇದೇ ಮೂಲ. ಒಂದು ಹೆಜ್ಜೆ ಮುಂದೆ ಹೋದರೆ ಕರಕಲು, ಕಹಿ. ಸಕ್ಕರೆ, ಜೇನು ಇರುವ ಸಾಸು ಬೇಗ ಸೀಯುತ್ತದೆ, ಅದನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ.

ಇನ್ನು ದಪ್ಪ. ಬಿಸಿ ಒಳಗೆ ನಡೆಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಸೆಂಟಿಮೀಟರ್ ತುಂಡಿಗೆ 8 ನಿಮಿಷ ಹಿಡಿದರೆ 4 ಸೆಂಟಿಮೀಟರ್ ತುಂಡಿಗೆ 16 ಸಾಲದು, ಲೆಕ್ಕದ ಪ್ರಕಾರ 32 ಬೇಕು. ಪಕ್ಕಗಳಿಂದಲೂ ಬಿಸಿ ಹೋಗುವುದರಿಂದ ನಿಜವಾಗಿ ಸ್ವಲ್ಪ ಕಡಿಮೆ ಸಾಕಾಗುತ್ತದೆ. ತೂಕ ಎಷ್ಟೇ ಇರಲಿ, ನೋಡಬೇಕಾದ್ದು ದಪ್ಪವನ್ನು. ಕೋಳಿ ಎದೆಯ ಒಂದು ತುದಿ ದಪ್ಪ, ಒಂದು ತುದಿ ತೆಳು. ದಪ್ಪ ತುದಿಯನ್ನು ಕುಟ್ಟಿ ಸಮ ಮಾಡಿ, ಅಥವಾ ದಪ್ಪ ತುದಿ ಕೆಂಡದ ಕಡೆಗೆ ಬರುವಂತೆ ಇಡಿ.

ಹಂತ 5: ಜಾಲರಿ ಕಾದ ಮೇಲೆ ಇಡಿ, ಕಚ್ಚಿಕೊಂಡರೆ ಎಳೆಯಬೇಡಿ

ಎಣ್ಣೆಯನ್ನು ಜಾಲರಿಗಿಂತ ಆಹಾರಕ್ಕೇ ತೆಳುವಾಗಿ ಸವರಿ. ಕಾದ ಕಂಬಿಗೆ ಸವರಿದ ಎಣ್ಣೆ ಹೊಗೆಯಾಗಿ ಹೋಗುತ್ತದೆ. ಮಾಂಸ, ಮೀನು ಇಟ್ಟ ತಕ್ಷಣ ಲೋಹಕ್ಕೆ ಕಚ್ಚಿಕೊಳ್ಳುವುದು ಸಹಜ. ತಾಗಿದ ಜಾಗ ಒಣಗಿ ಕಂದಾದ ಮೇಲೆ ಹೆಚ್ಚಾಗಿ ತಾನೇ ಬಿಡುತ್ತದೆ. ಮೀನಿನ ಚರ್ಮ ಹರಿಯುವುದು ನಮ್ಮ ಆತುರಕ್ಕೆ. ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಬರಲಿಲ್ಲವೇ? ಇನ್ನೊಂದು ನಿಮಿಷ ಬಿಡಿ.

ದಪ್ಪ ಎರಕದ ಕಬ್ಬಿಣದ ಜಾಲರಿಯಲ್ಲಿ ತೂಕ ಹೆಚ್ಚು, ಹಾಗಾಗಿ ಕೂಡಿಟ್ಟ ಬಿಸಿಯೂ ಹೆಚ್ಚು. ತಣ್ಣನೆಯ ತುಂಡು ಇಟ್ಟರೂ ಅದು ಸುಲಭಕ್ಕೆ ಆರುವುದಿಲ್ಲ, ಗೆರೆಗಳು ಕಪ್ಪಾಗಿ ಮೂಡುತ್ತವೆ. ತೆಳು ಸ್ಟೀಲ್ ಕಂಬಿ ಬೇಗ ಸೋಲುತ್ತದೆ. ಆದರೆ ಗೆರೆಗಳಿಗೆ ಅಷ್ಟೊಂದು ಬೆಲೆ ಕೊಡಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗೆರೆ ಮೂಡಿದ ಜಾಗ ಕಾಲು ಭಾಗವೂ ಇರುವುದಿಲ್ಲ. ಗೆರೆಗಳ ನಡುವಿನ ಜಾಗವೆಲ್ಲ ಒಂದೇ ಸಮ ಕಂದಾಗಿದ್ದರೆ ರುಚಿ ಅಲ್ಲಿದೆ. ಆ ಕೆಲಸ ಝಳದ್ದು. ಆಗಾಗ ತಿರುಗಿಸಿದರೂ ಏನೂ ಕೆಡುವುದಿಲ್ಲ. ತಿರುಗಿಸಿದಾಗ ಮೇಲೆ ಬಂದ ಮುಖ ತುಸು ಆರುತ್ತದೆ, ಅದರ ಬಿಸಿ ಒಳಗೂ ಇಳಿಯುತ್ತದೆ. ಎರಡೂ ಕಡೆಯಿಂದ ಸಮನಾಗಿ ಬೇಯುತ್ತದೆ.

ತುಂಡುಗಳ ನಡುವೆ ಜಾಗ ಬಿಡಿ. ಒತ್ತೊತ್ತಾಗಿ ತುಂಬಿದರೆ ಹಬೆಗೆ ಹೊರದಾರಿ ಇರುವುದಿಲ್ಲ, ಸುಡುವ ಬದಲು ಬೇಯಿಸಿದಂತಾಗುತ್ತದೆ.

ಹಂತ 6: ಮುಚ್ಚಳ ಯಾವಾಗ, ಕಿಂಡಿ ಎಷ್ಟು

ಎರಡು ಸೆಂಟಿಮೀಟರಿಗಿಂತ ತೆಳುವಾದದ್ದು, ಉದಾಹರಣೆಗೆ ಸಿಗಡಿ, ತೆಳು ಮೀನು, ಹೋಳು ಮಾಡಿದ ತರಕಾರಿ, ಮುಚ್ಚಳ ತೆರೆದೇ ಸುಡಿ. ಬಣ್ಣ ಬರುವಷ್ಟರಲ್ಲಿ ಒಳಗೂ ಬೆಂದಿರುತ್ತದೆ. ಅದಕ್ಕಿಂತ ದಪ್ಪದ್ದಕ್ಕೆ ಮುಚ್ಚಳ ಬೇಕು. ಮುಚ್ಚಿದಾಗ ಬಿಸಿಗಾಳಿ ಒಳಗೇ ಸುತ್ತುತ್ತದೆ, ಮುಚ್ಚಳವೂ ಕಾದು ಮೇಲಿನಿಂದ ಝಳ ಕೊಡುತ್ತದೆ. ಗ್ರಿಲ್ ಒಂದು ಓವನ್ ಆಗಿಬಿಡುತ್ತದೆ.

ಗಾಳಿಯ ಬಿಸಿ ಮೃದು. 200 ಡಿಗ್ರಿಯ ಓವನ್ನಿನೊಳಗೆ ಕ್ಷಣಕಾಲ ಕೈ ಹಾಕಿ ತೆಗೆಯಬಹುದು. 100 ಡಿಗ್ರಿಯ ಕುದಿನೀರಿಗೆ ಬೆರಳು ಅದ್ದಿದರೆ ಬೊಬ್ಬೆ. ಗಾಳಿ ತೆಳು, ಅದು ಬಿಸಿಯನ್ನು ಸ್ವಲ್ಪ ಸ್ವಲ್ಪವಾಗಿ ಮಾತ್ರ ದಾಟಿಸುತ್ತದೆ. ದಪ್ಪ ತುಂಡಿನ ಒಳಗಿನ ನಿಧಾನ ನಡಿಗೆಗೆ ಈ ಮೃದು ಬಿಸಿಯೇ ಸರಿಯಾದ ಜೋಡಿ. ಕೆಂಡ ಇಲ್ಲದ ಪಕ್ಕದಲ್ಲಿ ಇಟ್ಟು ಮುಚ್ಚಿ. ಹೊರಮೈ ಸೀಯದೆ ಒಳಗೆ ಬಿಸಿ ಇಳಿಯಲು ಸಮಯ ಸಿಗುತ್ತದೆ.

ಕೆಂಡದ ಬಲವನ್ನು ಹಿಡಿತದಲ್ಲಿ ಇಡುವುದು ಕೆಳಗಿನ ಕಿಂಡಿ. ಅಲ್ಲಿಂದ ಬರುವ ಆಮ್ಲಜನಕ ಎಷ್ಟೋ ಅಷ್ಟೇ ಉರಿ. ಮೇಲಿನ ಕಿಂಡಿ ತೆರೆದಿರಲಿ, ಅದನ್ನು ಆಹಾರದ ನೇರಕ್ಕೆ ತಿರುಗಿಸಿ. ಆಗ ಬಿಸಿಗಾಳಿ ಆಹಾರವನ್ನು ದಾಟಿಯೇ ಹೊರಹೋಗಬೇಕು. ಕಿಂಡಿ ಬದಲಿಸಿದರೆ ಪರಿಣಾಮ ಕಾಣಲು ಐದು ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಮತ್ತೆ ಮುಟ್ಟಬೇಡಿ. ಗಾಳಿ ಬೀಸುವ ದಿನ ಕೆಂಡ ಬೇಗ ಉರಿದುಹೋಗುತ್ತದೆ, ಜೊತೆಗೆ ಆಹಾರದ ಮೈ ಆರುತ್ತದೆ. ಗ್ರಿಲ್ ಅನ್ನು ಮರೆಗೆ ಇಡಿ. ಮುಚ್ಚಳದ ಮೇಲಿರುವ ಥರ್ಮಾಮೀಟರ್ ತೋರಿಸುವುದು ಮೇಲಿನ ಗಾಳಿಯ ಬಿಸಿಯನ್ನು. ಜಾಲರಿಯ ಮಟ್ಟದ್ದು ಬೇರೆಯೇ ಇರುತ್ತದೆ.

ದೊಡ್ಡ ಮಾಂಸದ ತುಂಡನ್ನು ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಇಟ್ಟಾಗ ಒಳಗಿನ ಬಿಸಿ 65ರಿಂದ 75 ಡಿಗ್ರಿ ನಡುವೆ ಎಲ್ಲೋ ಏರದೆ ನಿಂತುಬಿಡುತ್ತದೆ. ಗಾಬರಿ ಬೇಡ. ಮೈಯಿಂದ ಆವಿಯಾಗುವ ನೀರು ಬಂದಷ್ಟೇ ಬಿಸಿಯನ್ನು ಹೊತ್ತೊಯ್ಯುತ್ತಿದೆ, ಬೆವರು ನಮ್ಮ ಮೈಯನ್ನು ತಂಪು ಮಾಡುವ ಹಾಗೆ. ಕಾಯಿರಿ, ಇಲ್ಲಾ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ. ಆವಿಗೆ ದಾರಿ ಮುಚ್ಚಿದರೆ ಬಿಸಿ ಮತ್ತೆ ಏರುತ್ತದೆ.

ಹಂತ 7: ಜ್ವಾಲೆ ಎದ್ದರೆ

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಸ್ವಲ್ಪ ಹೊಗೆಯಾಗಿ ಮೇಲೆ ಬಂದು ಆಹಾರಕ್ಕೆ ಅಂಟುತ್ತದೆ. ಗ್ರಿಲ್‌ನ ಆ ವಿಶೇಷ ರುಚಿಗೆ ಇದರದ್ದು ದೊಡ್ಡ ಪಾಲು. ಆದರೆ ಹಳದಿ ಜ್ವಾಲೆ ಎದ್ದು ಮಾಂಸವನ್ನು ನೆಕ್ಕತೊಡಗಿದರೆ ಮಸಿ ಹಿಡಿಯುತ್ತದೆ, ಕಹಿಯಾಗುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲದ ಅಂಶಗಳೂ ಸೇರುತ್ತವೆ. ನೀರು ಎರಚಬೇಡಿ. ಉರಿಯುವ ಕೊಬ್ಬು ಸಿಡಿಯುತ್ತದೆ, ಬೂದಿ ಹಾರಿ ಊಟದ ಮೇಲೆ ಕೂರುತ್ತದೆ. ತುಂಡನ್ನು ಕೆಂಡ ಇಲ್ಲದ ಪಕ್ಕಕ್ಕೆ ಸರಿಸಿ, ಮುಚ್ಚಳ ಹಾಕಿ, ಕಿಂಡಿ ಕಿರಿದು ಮಾಡಿ. ಆಮ್ಲಜನಕ ಸಿಗದೆ ಜ್ವಾಲೆ ತಾನಾಗಿ ಅಡಗುತ್ತದೆ.

ಹಂತ 8: ಥರ್ಮಾಮೀಟರ್ ಚುಚ್ಚಿ ನೋಡಿ

ಬಣ್ಣ ನೋಡಿ ಒಳಗೆ ಬೆಂದಿದೆ ಅನ್ನಲಾಗದು. ಹೊರಗಿನ ಬಣ್ಣ ಹೊರಗಿನ ಕೆಲಸದ ಗುರುತು ಮಾತ್ರ. ಚುಚ್ಚುವ ಥರ್ಮಾಮೀಟರನ್ನು ಅತಿ ದಪ್ಪನೆಯ ಜಾಗಕ್ಕೆ, ಮೂಳೆಗೆ ತಾಗದಂತೆ, ಪಕ್ಕದಿಂದ ಹಾಕಿ. ಅಮೆರಿಕದ ಕೃಷಿ ಇಲಾಖೆ ಸುರಕ್ಷತೆಗೆ ಹೇಳುವ ಅಳತೆ ಹೀಗಿದೆ: ಕೋಳಿ 74 ಡಿಗ್ರಿ, ಕೊಚ್ಚಿದ ಮಾಂಸ 71, ಮೀನು 63, ಇಡೀ ತುಂಡಿನ ಕೆಂಪು ಮಾಂಸ 63 ಮತ್ತು ಆಮೇಲೆ ಮೂರು ನಿಮಿಷ ವಿಶ್ರಾಂತಿ. ಕೋಳಿ ಕಾಲು, ತೊಡೆ 80 ಡಿಗ್ರಿ ದಾಟಿದರೆ ಇನ್ನೂ ಮೆತ್ತಗಾಗುತ್ತದೆ. ಅದರಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ನಿಧಾನಕ್ಕೆ ಕರಗಿ ಮೆತ್ತನೆಯ ಜಿಲೆಟಿನ್ ಆಗುತ್ತದೆ. ಎದೆ ಮಾಂಸಕ್ಕೆ ಈ ಭಾಗ್ಯ ಇಲ್ಲ, ಅದು ಒಣಗುತ್ತದೆ.

ಗ್ರಿಲ್‌ನಿಂದ ತೆಗೆದ ಮೇಲೂ ಬೇಯುವುದು ನಿಲ್ಲುವುದಿಲ್ಲ. ಹೊರಪದರಗಳ ಬಿಸಿ ಒಳಗೆ ನಡೆಯುತ್ತಲೇ ಇರುತ್ತದೆ. ದಪ್ಪ ತುಂಡಿನ ನಡುಭಾಗ ಮೂರರಿಂದ ಎಂಟು ಡಿಗ್ರಿಯವರೆಗೆ ಏರಬಹುದು. ಜೋರು ಬೆಂಕಿಯಲ್ಲಿ ಸುಟ್ಟಷ್ಟೂ ಈ ಏರಿಕೆ ಜಾಸ್ತಿ. ಅಷ್ಟನ್ನು ಲೆಕ್ಕಕ್ಕೆ ಹಿಡಿದು ಸ್ವಲ್ಪ ಮೊದಲೇ ತೆಗೆದಿಡಿ, ಬಡಿಸುವ ಮೊದಲು ಇನ್ನೊಮ್ಮೆ ಚುಚ್ಚಿ ಖಾತ್ರಿ ಮಾಡಿಕೊಳ್ಳಿ.

ಆ ಕೋಳಿ ಕಾಲನ್ನು ಈಗ ನಾನು ಹೀಗೆ ಮಾಡುತ್ತೇನೆ. ಒರೆಸಿ ಒಣಗಿಸಿ, ಉಪ್ಪು ಹಚ್ಚಿ, ಕೆಂಡ ಇಲ್ಲದ ಪಕ್ಕದಲ್ಲಿ ಮುಚ್ಚಳ ಹಾಕಿ ಇಡುತ್ತೇನೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಒಳಗೆ 75 ಡಿಗ್ರಿ ಆಗುತ್ತದೆ, ಅಷ್ಟರಲ್ಲಿ ಚರ್ಮ ಒಣಗಿ ಕಾಗದದಂತಾಗಿರುತ್ತದೆ. ಆಮೇಲೆ ಕೆಂಡದ ಬೂದಿ ತಟ್ಟಿ, ಮುಚ್ಚಳ ತೆಗೆದು, ನೇರ ಝಳದ ಮೇಲೆ ಒಂದೊಂದು ಮಗ್ಗುಲಿಗೆ ಒಂದೆರಡು ನಿಮಿಷ. ನೀರು ಆಗಲೇ ಹೋಗಿರುವುದರಿಂದ ಬಣ್ಣ ಕಣ್ಣೆದುರೇ ಬರುತ್ತದೆ. ಚರ್ಮದ ಮೇಲೆ ಸಣ್ಣ ಗುಳ್ಳೆಗಳೆದ್ದು ಚಟಪಟ ಸದ್ದು ಕೇಳುತ್ತದೆ. ಗಮನ ಇಡೀ ಅಲ್ಲೇ ಇರಲಿ, ಕಂದಿನಿಂದ ಕಪ್ಪಿಗೆ ಬಹಳ ಹೊತ್ತು ಬೇಕಿಲ್ಲ.

ಮುಗಿದ ಮೇಲೆ

ಮೇಲಿನ, ಕೆಳಗಿನ ಕಿಂಡಿಗಳೆರಡನ್ನೂ ಪೂರ್ತಿ ಮುಚ್ಚಿ. ಗಾಳಿ ಸಿಗದೆ ಕೆಂಡ ಆರುತ್ತದೆ. ಉಳಿದ ಇದ್ದಿಲನ್ನು ಬೂದಿ ಕೊಡವಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು. ಬೂದಿಯನ್ನು ಮಾತ್ರ ಅವತ್ತೇ ಎಸೆಯಬೇಡಿ. ಮೇಲೆ ಮುಟ್ಟಿದರೆ ತಣ್ಣಗಿದ್ದರೂ ಅಡಿಯಲ್ಲಿ ಕೆಂಡ ಮರುದಿನದವರೆಗೂ ಬದುಕಿರಬಹುದು. ಪೂರ್ತಿ ಆರಿದ ಮೇಲೆ, ಮುಚ್ಚಳವಿರುವ ಲೋಹದ ಡಬ್ಬಕ್ಕೇ ಸುರಿಯಿರಿ. ಪ್ಲಾಸ್ಟಿಕ್ ಬುಟ್ಟಿ, ಕಾಗದದ ಚೀಲ ಬೇಡ.